ನೊಣದ ಹುಡುಗಿ ಬೂಟು ಬಿಚ್ಚಿದ್ದು

ಅವರೆಕಾಯಿಯೊಳಗಿನ ಹುಳುವಿಗೂ ನಮ್ಮ ಮನೆಯಲ್ಲಿ ಒಬ್ಬಳು ಹಕ್ಕುದಾರಳಿದ್ದಾಳೆ ಎಂದರೆ ನಂಬುತ್ತೀರಾ? ನನ್ನ ಅಕ್ಕನ ಮಗಳು! ಅವಳು ಊರಲ್ಲಿದ್ದರೆ ಕಾಯಿ ಸುಲಿಯುವಾಗ ಸಿಕ್ಕ ಹುಳುವನ್ನೆಲ್ಲ ಬಟ್ಟಲಲ್ಲಿ ಎತ್ತಿಟ್ಟು ಒಪ್ಪಿಸಬೇಕು. ಆ ದಿನ ಅತ್ತೆಯವರೂ ನಾನೂ ಮಾರ್ಕೆಟ್ಟಿನಿಂದ ತಂದ ಸೊಗಡವರೆಯನ್ನು ನಡುಮನೆಯಲ್ಲಿ ಹರಡಿಕೊಂಡು ಕುಳಿತಿದ್ದೆವು. ಅವಳು ಇಂಗ್ಲೆಂಡಿನಲ್ಲಿದ್ದಳು. ಪಾಪ, ಹುಳುಗಳಿಗೆ ದಿಕ್ಕಿರಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಚಿಕ್ಕಮ್ಮಾ, ನನ್ನನ್ನ ವಾಪಸ್ ಕಳಿಸ್ಬಿಡ್ತಾರೇನೋ!"

ನಮ್ಮ ಚಾಮರಾಜಪೇಟೆಯ ಮನೆಯಲ್ಲಿದ್ದುಕೊಂಡೇ ಈ ಹುಡುಗಿ ನೊಣದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಒಮ್ಮೆ ಬೋನಿಗೆ ಬಿದ್ದು ಸತ್ತ ಇಲಿಯನ್ನು ತಾರಸಿಯ ಹೂಕುಂಡದಲ್ಲಿಟ್ಟು, ಮೇಲೆ ಜರಡಿ ಮುಚ್ಚಿ, ದಿನವೂ ಹೋಗಿ ಯೋಗಕ್ಷೇಮ ವಿಚಾರಿಸುತ್ತಿದ್ದಳು. ದೇವರು ದೊಡ್ಡವನು, ಆ ವಾರ ಅತ್ತೆಯವರಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಆದರೂ ಜರಡಿ ಕಾಣೆಯಾದದ್ದು ಗೊತ್ತಾಗದಿರುತ್ತದೆಯೇ?

"ಬೇರೆ ಹೆಣ್ಮಕ್ಳು ಮಲ್ಲಿಗೆ ಗಿಡ ಸಾಕ್ತಾರೆ, ಇವಳು ನೊಣ ಸಾಕ್ತಾಳೆ! ಇವಳನ್ನ ಯಾರೇ ಮದ್ವೆ ಆಗ್ತಾರೆ?"

"ನೊಣ ಕಂಡ್ರೆ ಪೇಪರ್ ಸುತ್ತಿ ಹೊಡೀದೇ ಇರೋನು ಸಿಕ್ಲಿ, ನೋಡೋಣ ಅಜ್ಜಿ!"

ಒಂದು ದಿನ ಕಾಫಿ ಸೋಸುತ್ತಿದ್ದ ನನಗೆ ಅವಳೇ ವಿವರಿಸಿದಳು. ಯಾರಾದರೂ ಎಲ್ಲೋ ಒಂಟಿಯಾಗಿ ಸತ್ತರೆ ಮೊದಲು ಸುದ್ದಿ ಮುಟ್ಟುವುದು ನೆಂಟರಿಗಲ್ಲವಂತೆ, ನೊಣಕ್ಕಂತೆ! ಅದು ಬಂದು ಮೊಟ್ಟೆಯಿಡುತ್ತದೆ. ಹುಳು ಎಷ್ಟು ಬೆಳೆದಿದೆ ಎಂದು ನೋಡಿದರೆ ಜೀವ ಹೋಗಿ ಎಷ್ಟು ಹೊತ್ತಾಯಿತೆಂದು ಹೇಳಬಹುದಂತೆ.

"ಸುಳ್ಳು ಕೇಸಲ್ಲಿ ಸಿಕ್ಕಾಕ್ಕೊಂಡೋರನ್ನ ಒಂದು ನೊಣ ಬಿಡಿಸ್ಬಹುದು ಚಿಕ್ಕಮ್ಮ!"

ನನಗೆ ಮೈ ಜುಮ್ಮೆಂದಿತು. ಊಟದೆಲೆಯ ಮೇಲಿಂದ ನಾನು ಕೈಬೀಸಿ ಓಡಿಸುವ ಪ್ರಾಣಿಗೆ ಭಗವಂತ ಇಷ್ಟು ದೊಡ್ಡ ಕೆಲಸ ವಹಿಸಿದ್ದಾನೆಯೇ!

ಇಂಗ್ಲೆಂಡಿನಲ್ಲಿ ಇಂಥ ನೊಣಗಳಿಗೇ ಮೀಸಲಾದ ಪ್ರಯೋಗಾಲಯವೊಂದಿತ್ತು. ಮೊದಲು ಕೆಲವು ದಿನ ಹೋಗಿ ಸುಮ್ಮನೆ ನೋಡುವುದು. ಅಲ್ಲಿಯ ಪ್ರೊಫೆಸರಮ್ಮ ಮೆಚ್ಚಿದರೆ ಮೂರು ತಿಂಗಳು ಅಲ್ಲೇ ಕೆಲಸ. ಮೆಚ್ಚದಿದ್ದರೆ, ಇಲ್ಲಿ ಅದನ್ನು ಕಲಿಸುವವರು ಯಾರೂ ಇಲ್ಲದೆ, ಇವಳ ಇಷ್ಟು ವರ್ಷದ ಓದು ಅರ್ಧಕ್ಕೇ ನಿಲ್ಲುತ್ತಿತ್ತು.

ಹೋದವಳು ಮಾಡಿಕೊಂಡದ್ದೇನು? ಪ್ರಯೋಗಾಲಯದ ಹಿಂದೆ ಬೇಲಿ ಹಾಕಿದ ಬಯಲು. ಅಲ್ಲಿ ತಂತಿಗೂಡುಗಳಲ್ಲಿ ಸತ್ತ ಹಂದಿಗಳನ್ನಿಟ್ಟು ನೊಣಗಳ ಲೆಕ್ಕ ನೋಡುತ್ತಾರೆ. ಬೂಟು, ಕೈಗವಸು ಇಲ್ಲದೆ ಒಳಗೆ ಕಾಲಿಡುವಂತಿಲ್ಲ. ಇವಳು ಬೇಲಿಯ ಬಾಗಿಲಲ್ಲೇ ಬೂಟು ಬಿಚ್ಚಿಟ್ಟು, ಬರಿಗಾಲಲ್ಲಿ ಮಂಜು ಬಿದ್ದ ಹುಲ್ಲಿನ ಮೇಲೆ ನಡೆದುಬಿಟ್ಟಳಂತೆ!

"ಯಾಕೇ ಹಾಗ್ಮಾಡ್ದೆ?"

"ಒಳಗೆ ಹೆಣ ಇತ್ತಲ್ಲ ಚಿಕ್ಕಮ್ಮ. ಕಾಲು ತಾನಾಗೇ ಬೂಟು ಬಿಟ್ಬಿಡ್ತು. ಪ್ರೊಫೆಸರ್ ಎಲ್ರೆದುರಿಗೂ ಬೈದ್ರು. ನಾಳೆ ಬೆಳಗ್ಗೆ ಬಂದು ನನ್ನ ನೋಡು ಅಂದಿದಾರೆ."

ಲೈನು ಕಟ್ಟಾಯಿತು.

"ಹಂದಿಗೇನೇ ಚಪ್ಲಿ ಬಿಟ್ಳಾ?" ಎಂದರು ಅತ್ತೆ.

"ಹೂಂ ಅಮ್ಮ, ಹಂದಿಗೇ."

ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಸಾವಾದ ಮನೆಗೆ ಹೋದಾಗಲೆಲ್ಲ "ಚಪ್ಲಿ ಆಚೆ ಬಿಡೇ" ಎಂದು ಅವಳನ್ನು ಗದರಿಸುತ್ತಿದ್ದವರು ಅವರೇ ತಾನೆ!

ಕಾಳು ನೆನೆಹಾಕಿ, ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಏನೆಂದು ಬೇಡಿಕೊಳ್ಳಲಿ? "ಅಪ್ಪಾ ಗಣೇಶ, ಹಂದಿ ಹೆಣದ ಪಕ್ಕದಲ್ಲಿ ನಮ್ಮ ಹುಡುಗಿಗೆ ಒಂದು ಜಾಗ ಕೊಡಿಸಪ್ಪಾ" ಎಂದು ಕೇಳಿಕೊಂಡ ಮೊದಲ ಗೃಹಿಣಿ ನಾನೇ ಇರಬೇಕು!

ಮರುದಿನ ನೆಂದ ಕಾಳನ್ನು ಹಿತುಕುತ್ತಾ ಕುಳಿತಿದ್ದಾಗ ಮತ್ತೆ ಫೋನು. ಅದೇ ಒದ್ದೆ ಕೈಯಲ್ಲಿ ಎತ್ತಿದೆ.

"ಯಾಕೆ ಬಿಚ್ಚಿದೆ ಅಂತ ಕೇಳಿದ್ರು. ಸತ್ತವರ ಹತ್ರ ನಾವು ಮೆಟ್ಟಿಕೊಂಡು ಹೋಗಲ್ಲ ಅಂದೆ. ಆಮೇಲೆ, ಬೂಟು ಮಾತ್ರ ಇನ್ಯಾವತ್ತೂ ಬಿಚ್ಚಕೂಡದು ಅಂತ ಖಂಡಿತವಾಗಿ ಹೇಳಿದ್ರು. ಆದ್ರೆ ಬೇಲಿ ಹತ್ರ ಹೋದಾಗ, ಅವರೇ ಟೋಪಿ ತೆಗೆದು ನಿಂತ್ಕೊಂಡ್ರು ಚಿಕ್ಕಮ್ಮ! ಹಿಂದೆ ಬಂದೋರೆಲ್ಲ ನಿಂತ್ರು!"

"ಮತ್ತೆ ನಿನ್ ಗತಿ?"

"ಕೊನೇ ಗೂಡು ನಂದಂತೆ. ಮೂರು ತಿಂಗಳೂ!"

ನಾನು ಅತ್ತೆಯವರಿಗೆ ಎಲ್ಲವನ್ನೂ ಹೇಳಿದೆ. ಅವರು ಕಾಳು ಹಿತುಕುವುದನ್ನು ನಿಲ್ಲಿಸಿ, ಸೆರಗಿನ ತುದಿಯಿಂದ ಕನ್ನಡಕ ಒರೆಸಿಕೊಂಡರು.

"ನಾನು ಹೋಗೋ ಹೊತ್ಗೆ ಆ ಹುಡ್ಗಿ ಊರಲ್ಲಿರ್ಬೇಕು ಕಣೆ. ಹಂದಿಗೇ ಅಷ್ಟು ಮರ್ಯಾದೆ ಕೊಟ್ಟೋಳು, ನನ್ನ ಒಂಟಿಯಾಗಿ ಬಿಡ್ತಾಳಾ?"

ಅಡುಗೆಮನೆಯ ಕಿಟಕಿಯಲ್ಲಿ ನೊಣವೊಂದು ಗುಂಯ್‌ಗುಡುತ್ತಿತ್ತು. ಬಾಗಿಲು ತೆರೆದು ಅದಕ್ಕೆ ದಾರಿ ಬಿಟ್ಟು, ಒಗ್ಗರಣೆಗೆ ಎಣ್ಣೆಯಿಟ್ಟೆ.