ಒಂದು ದಿನಕ್ಕೆ ನಲವತ್ತು ಪುಟ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಕನಕರಾಯನ ಬಳಿ ಒಡೆಯಲು ಮುತ್ತು ಇರಲಿಲ್ಲ. ಹಾಗಾಗಿ ಅವನು ಮಾತನ್ನೇ ಆಡಿ ಕೆಟ್ಟ.

ಎಂಬತ್ತೆರಡನೇ ಇಸವಿಯ ಮಾರ್ಚ್ ತಿಂಗಳ ಒಂದು ಶನಿವಾರ. ರಾಯಚೂರಿನ ಕಾಲೇಜೊಂದರಲ್ಲಿ ಬಿ.ಎ. ಕೊನೆಯ ವರ್ಷದ ಹುಡುಗರೆಲ್ಲ ಅರ್ಥಶಾಸ್ತ್ರದ ಮಹಾಂತಯ್ಯ ಸರ್ ಮುಂದೆ ಗೋಗರೆಯುತ್ತಿದ್ದರು. ಕಾಲುವೆ ನೀರಾವರಿಯ ಮೇಲೆ ನಲವತ್ತು ಪುಟದ ಪ್ರಬಂಧ ಬರೆದು ತನ್ನಿ ಎಂದು ಸರ್ ಸಂಕ್ರಾಂತಿಯ ಮೊದಲೇ ಹೇಳಿದ್ದರು. ಹೋಳಿ ಹುಣ್ಣಿಮೆ ಬಂದರೂ ಒಬ್ಬನೂ ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ. ಪ್ರಬಂಧ ಕೊಡದವರ ಹಾಲ್ ಟಿಕೆಟಿಗೆ ಸರ್ ಸಹಿ ಹಾಕುವುದಿಲ್ಲ. ಸಹಿ ಇಲ್ಲದೆ ಯೂನಿವರ್ಸಿಟಿ ಪರೀಕ್ಷೆಗೆ ಕೂರುವ ಹಾಗಿಲ್ಲ.

"ಆತು, ಟೈಮ್ ಕೊಡ್ತೀನಿ. ದಿನಕ್ಕ ಎಷ್ಟು ಪುಟ ಬರೀತೀರಿ ಹೇಳ್ರಿ," ಎಂದರು ಸರ್.

ಒಬ್ಬ ಎರಡು ಎಂದ. ಇನ್ನೊಬ್ಬ, "ಕರೆಂಟ್ ಇದ್ರ ಮೂರು ಸರ್," ಎಂದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಿನ ಬೆಂಚಿನ ಹುಡುಗಿಯರನ್ನು ಒಮ್ಮೆ ನಗಿಸಬೇಕೆಂಬುದು ಕನಕರಾಯನಿಗೆ ಮೂರು ವರ್ಷದ ಆಸೆ. ಕೊನೆಯ ಬೆಂಚಿನಿಂದ ಎದ್ದು ನಿಂತು, "ನಲವತ್ತು ಸರ್! ಚಾ ಸಿಕ್ರ ಐವತ್ತು!" ಎಂದು ಕೂಗಿಬಿಟ್ಟ.

ಹುಡುಗಿಯರು ನಕ್ಕರು. ಸರ್ ನಗಲಿಲ್ಲ.

"ಎಲ್ಲಾರಿಗೂ ಹದಿನೈದು ದಿನ. ಕನಕರಾಯಗ ಒಂದ ದಿನ. ನಾಳೆ ಸೂಟಿ ಅದ, ಕುಂತು ಬರಿ. ಸೋಮವಾರ ಮುಂಜಾನೆ ಪ್ರಬಂಧ ನನ್ನ ಕೈಯಾಗ ಇರಬೇಕು. ಇಲ್ಲಂದ್ರ ಹಾಲ್ ಟಿಕೆಟ್ ಇಲ್ಲ, ಮುಂದಿನ ವರ್ಷ ಬಾ."

ಮುಂದಿನ ವರ್ಷ ಎಂಬುದು ಕನಕರಾಯನ ಪಾಲಿಗೆ ಇರಲೇ ಇಲ್ಲ. ದೇವದುರ್ಗದ ಕಡೆಯ ಹಳ್ಳಿಯಲ್ಲಿ ಅವನ ಅಪ್ಪ ಹನುಮಂತ್ರಾಯನ ದೊಡ್ಡ ಕುರಿಹಿಂಡು ಇತ್ತು. "ಈ ವರ್ಷ ಪಾಸಾದಿ, ಚೊಲೋ. ಫೇಲಾದಿ, ಬಂದು ಕುರಿ ಹಿಂದ ನಡಿ," ಎಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದ. ಕುರಿಗಳಿಗೂ ಕನಕರಾಯನಿಗೂ ಚಿಕ್ಕಂದಿನಿಂದ ಆಗಿಬರುತ್ತಿರಲಿಲ್ಲ. ಅವನು ಎಡಕ್ಕೆ ಹೊಡೆದರೆ ಅವು ಬಲಕ್ಕೆ ಹೋಗುತ್ತಿದ್ದವು.

ಭಾನುವಾರ ಬೆಳಿಗ್ಗೆ ಅವನು ಬಾಡಿಗೆಯ ಖೋಲಿಯಲ್ಲಿ ಹಾಳೆಯ ಕಟ್ಟು, ಗೈಡು, ಎರಡು ಪೆನ್ನು ಇಟ್ಟುಕೊಂಡು ಕುಳಿತ. ಮೊದಲ ಸಾಲು ಬರೆದ: "ನೀರೇ ರೈತನ ಜೀವಾಳ."

"ಕನಕರಾಯಾ!" ಎದುರು ಮನೆಯ ಹುಸೇನಪೀರ ಒಳಗೆ ಬಂದ. ಅವನು ಬಸ್ ಕಂಡಕ್ಟರ್, ಅವತ್ತು ರಜೆ. ರಜೆಯ ದಿನ ಅವನಿಗೆ ಮಾತಾಡಲು ಪ್ಯಾಸೆಂಜರುಗಳು ಇರುತ್ತಿರಲಿಲ್ಲ. ಮಾನ್ವಿ ಬಸ್ಸಿನಲ್ಲಿ ಹುಂಜಕ್ಕೆ ಟಿಕೆಟ್ ತೆಗೆಯಲು ಒಪ್ಪದ ಮುದುಕಿಯ ಕತೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿ, ಇದ್ದ ಚಹಾ ಕುಡಿದು ಎದ್ದ.

ಅವನು ಹೊರಟ ಮೇಲೆ ಪಕ್ಕದ ಮನೆಯ ಅಂಬಮ್ಮ ಕಿಟಕಿಯಲ್ಲಿ ಕಂಡಳು. "ಯಪ್ಪಾ, ಖಾಲಿ ಕುಂತೀಯಲ್ಲ, ನಿನ್ನೆಯಿಂದ ನನ್ನ ಎಮ್ಮಿ ಬಂದಿಲ್ಲ. ಒಂದೀಟು ಹುಡುಕಿ ಬಾ."

"ಖಾಲಿ ಇಲ್ಲಬೇ, ಬರಿಯಾಕತ್ತೀನಿ!"

"ಅದ ಅಂದೆ. ಕೆಲಸ ಇದ್ದಾವ್ರು ಯಾರು ಬರಕೊಂತ ಕುಂದರ್ತಾರ?"

ಅವಳನ್ನು ಹೇಗೋ ಸಾಗಹಾಕಿ ಕನಕರಾಯ ಮನೆಯೊಡತಿ ಶರಣಮ್ಮನ ಬಳಿ ಓಡಿದ. "ಯವ್ವಾ, ನಿಮ್ಮ ಕಾಲು ಬೀಳ್ತೀನಿ. ಯಾರ ಬಂದ್ರೂ ನಾನು ಇಲ್ಲ ಅಂತ ಹೇಳ್ರಿ."

ಶರಣಮ್ಮ ದಿನಾ ಲಿಂಗಪೂಜೆ ಮಾಡದೆ ಹನಿ ನೀರು ಮುಟ್ಟುವವಳಲ್ಲ. "ಸುಳ್ಳು ಅಂತೂ ನಾ ಹೇಳಂಗಿಲ್ಲಪಾ," ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, "ನೀ ಖರೇನ ಮೌನ ಹಿಡದು ಕುಂತ್ರ, ಒಳಗ ಮೌನ ನಡದದ ಅಂತ ಹೇಳ್ತೀನಿ. ಅದು ಸುಳ್ಳಾಗಂಗಿಲ್ಲ. ಆದ್ರ ಶಾಸ್ತ್ರ ಪ್ರಕಾರ ಆಗಬೇಕು ನೋಡು," ಎಂದಳು.

ಶಾಸ್ತ್ರ ಪ್ರಕಾರ ಸ್ನಾನವಾಯಿತು, ಹಣೆಗೆ ವಿಭೂತಿ ಆಯಿತು. ಕಿಟಕಿಗೆ ಬಾಗಿಲಿರಲಿಲ್ಲ, ಯಾರೂ ಕಣ್ಣಿಗೆ ಕಣ್ಣು ಕೂಡಿಸಿ ಮಾತಿಗೆಳೆಯಬಾರದೆಂದು ಕನಕರಾಯ ಊರಿಂದ ತಂದಿದ್ದ ಕರಿ ಕಂಬಳಿಯನ್ನು ತಲೆಯ ಮೇಲಿಂದ ಹೊದ್ದು ಬರೆಯಲು ಕುಳಿತ. ಮೂಗಿನ ತುದಿಯಷ್ಟೇ ಕಾಣುತ್ತಿತ್ತು.

ಅಂಬಮ್ಮ ಮತ್ತೆ ಬಂದಳು. "ಕನಕರಾಯ ಎಲ್ಲಿ ಹೋದ್ನಬೇ?"

"ಆ ಖೋಲಿಯಾಗ ಮೌನ ನಡದದ. ಗದ್ಲ ಮಾಡಬ್ಯಾಡ," ಎಂದಳು ಶರಣಮ್ಮ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅಂಬಮ್ಮ ಕಿಟಕಿಯಲ್ಲಿ ಇಣುಕಿದಳು. ರಾಯಚೂರಿನ ಮಾರ್ಚ್ ಬಿಸಿಲಲ್ಲಿ, ನಾಯಿ ಕೂಡ ನೆರಳು ಬಿಟ್ಟು ಏಳದ ಹೊತ್ತಿನಲ್ಲಿ, ಯಾರೋ ಕಂಬಳಿ ಹೊದ್ದು ಅಲುಗಾಡದೆ ಕುಳಿತಿದ್ದರು. ಅವಳು ಅಲ್ಲಿಯೇ ಸೆರಗು ಒಡ್ಡಿ ನಿಂತಳು.

"ಅಜ್ಜಾರ, ಎಲ್ಲಿಂದ ಬಂದೀರೋ! ನನ್ನ ಎಮ್ಮಿ ಸಿಗ್ತದೋ ಇಲ್ಲೋ, ಒಂದ ಮಾತು ಬರಕೊಡ್ರಿ."

ಮೌನಕ್ಕೆ ಕುಳಿತ ಅಜ್ಜಂದಿರು, ಅಂದರೆ ಸ್ವಾಮಿಗಳು, ಬಾಯಿ ಬಿಡುವುದಿಲ್ಲ, ಕೇಳಿದ್ದಕ್ಕೆ ಬರೆದು ಉತ್ತರ ಕೊಡುತ್ತಾರೆ ಎಂಬುದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಗೊತ್ತಿದ್ದೂ ಮರೆತವನು ಕನಕರಾಯ ಒಬ್ಬನೇ. ಪೀಡೆ ತೊಲಗಲಿ ಎಂದು, "ಸಿಗ್ತದ. ಹೋಗು," ಎಂದು ಒಂದು ಹಾಳೆಯಲ್ಲಿ ಗೀಚಿ ಹೊರಗೆ ತಳ್ಳಿದ. ಎದುರು ಮನೆಯಿಂದ ಓಡಿಬಂದ ಹುಸೇನಪೀರ ಅದನ್ನು ಗಲ್ಲಿಗೆಲ್ಲ ಕೇಳುವಂತೆ ಓದಿದ.

ಎಮ್ಮೆಗೆ ಹಸಿವಾಗಿತ್ತು. ಮಧ್ಯಾಹ್ನಕ್ಕೆ ತಾನಾಗಿಯೇ ಮನೆಗೆ ಬಂತು. ಅಲ್ಲಿಗೆ ಕನಕರಾಯನ ಕತೆ ಮುಗಿಯಿತು.

ಊಟದ ಹೊತ್ತಿಗೆ ಕಿಟಕಿಯ ಮುಂದೆ ಸಾಲು ಗಲ್ಲಿಯ ಬಾಯಿಯವರೆಗೆ ಬೆಳೆದಿತ್ತು. ಹುಸೇನಪೀರನಿಗೆ ರಜೆಯ ದಿನ ಡ್ಯೂಟಿ ಸಿಕ್ಕಿದ ಖುಷಿ. "ಒಬ್ಬೊಬ್ರ ಬರ್ರಿ! ಮುಂದ ಸರೀರಿ, ಮುಂದ ಜಾಗ ಅದ! ಕೂಸು ಇದ್ದಾವ್ರು ಮೊದ್ಲ!" ಎಂದು ಸೀಟಿ ಊದುತ್ತಿದ್ದ. ಶರಣಮ್ಮ ಬಂದ ತೆಂಗಿನಕಾಯಿಗಳನ್ನು ಅಡಿಗೆಮನೆಗೆ ಸಾಗಿಸುತ್ತಿದ್ದಳು.

ಕಂಬಳಿ ಕಿತ್ತೊಗೆದು, ನಾನು ಕನಕರಾಯ ಎಂದು ಕೂಗಿಬಿಡೋಣವೆಂದು ಅವನು ಅಂದುಕೊಂಡ. ಅಷ್ಟರಲ್ಲಿ ಗಂಜ್ ಮಾರುಕಟ್ಟೆಯ ಹಮಾಲರ ಮುಖಂಡ ಜಂಬಣ್ಣ ಕಿಟಕಿಗೆ ಬಂದ. ಭತ್ತದ ಚೀಲವನ್ನು ಒಂದೇ ಕೈಯಲ್ಲಿ ಎತ್ತುವ ಆಳು. "ಅಜ್ಜಾರ, ಖರೆ ಸ್ವಾಮಿಗಳನ್ನ ನೋಡಿ ಭಾಳ ದಿನ ಆಗಿತ್ತು. ಹೋದ ವರ್ಷ ಮಾನ್ವಿಯಾಗ ಒಬ್ಬ ಕಳ್ಳಸ್ವಾಮಿ ಸಿಕ್ಕಿದ್ದ. ಹಿಂಗ ಹಿಡದು ಹಂಗ ಮುರದೀನಿ," ಎಂದು ಕೈಮಾಡಿ ತೋರಿಸಿದ. ಕನಕರಾಯ ಕಂಬಳಿಯನ್ನು ಇನ್ನಷ್ಟು ಕೆಳಗೆಳೆದುಕೊಂಡ.

ಮೊದಮೊದಲು, "ಆಗ್ತದ", "ತಾಳು" ಎಂದು ಬರೆದುಕೊಟ್ಟ. ಮಂದಿ ಕೇಳಬೇಕಲ್ಲ! "ಒಂದ ಮಾತು ಬರದ್ರ ಹೆಂಗ್ರಿ? ನಮ್ಮದು ದೊಡ್ಡ ತ್ರಾಸ ಅದ, ಪೂರಾ ಹಾಳಿ ತುಂಬಿಸಿ ಕೊಡ್ರಿ," ಎಂದು ಒಬ್ಬ ಹಟ ಹಿಡಿದ. ಅವನಿಗೆ ತುಂಬಿದ ಹಾಳೆ ಕೊಟ್ಟ ಮೇಲೆ ಹಿಂದಿನವರು ಸುಮ್ಮನಿರುತ್ತಾರೆಯೇ? ಎಲ್ಲರಿಗೂ ತುಂಬಿದ ಹಾಳೆಯೇ ಬೇಕು.

ಅಷ್ಟು ಉಪದೇಶ ಕನಕರಾಯನಲ್ಲಿ ಎಲ್ಲಿಂದ ಬರಬೇಕು? ಎದುರಿಗೆ ಗೈಡು ತೆರೆದಿತ್ತು. ಅದನ್ನೇ ಬರೆಯತೊಡಗಿದ. ಅತ್ತೆಯ ಕಾಟ ಎಂದು ಬಂದ ಸೊಸೆಯೊಬ್ಬಳಿಗೆ, "ಮೇಲಿನ ಊರಿನವರು ನೀರನ್ನೆಲ್ಲ ಹಿಡಿದುಕೊಳ್ಳುವುದರಿಂದ ಕಾಲುವೆಯ ಕೊನೆಯ ಊರಿಗೆ ಏನೂ ಮುಟ್ಟುವುದಿಲ್ಲ," ಎಂಬ ಪುಟ ಹೋಯಿತು. ಹುಸೇನಪೀರ ಓದಿದ್ದೇ ತಡ, ಅವಳು ಗಳಗಳನೆ ಅತ್ತಳು.

"ನೂರಕ್ಕ ನೂರು ಖರೆ! ನಾನ ಕೊನಿ ಸೊಸಿ. ಮ್ಯಾಲಿನ ನಾಲ್ಕು ಮಂದಿ ಉಂಡ ಮ್ಯಾಲ ನನಗ ಏನೂ ಮುಟ್ಟಂಗಿಲ್ಲ!"

ಸಕ್ಕರೆ ರೋಗದವನಿಗೆ ಭೂಮಿಯಲ್ಲಿ ಉಪ್ಪು ಏರುವ ಪುಟ ಸಿಕ್ಕಿತು. ಅವನು ಅವತ್ತೇ ಉಪ್ಪಿನಕಾಯಿ ಬಿಟ್ಟ. ಕನಕರಾಯನ ಪೆನ್ನು ಹಿಂದೆಂದೂ ಓಡದ ಹಾಗೆ ಓಡುತ್ತಿತ್ತು. ಇಳಿಹೊತ್ತಿಗೆ ಪ್ರಬಂಧ ಉಪಸಂಹಾರದ ಹತ್ತಿರ ಬಂದಿತ್ತು. ಬರೆದ ಪುಟಗಳು ಮಾತ್ರ ಒಂದೊಂದು ಮನೆಯ ದೇವರ ಜಗಲಿ ಸೇರಿದ್ದವು.

ನಡುವೆ ಶರಣಮ್ಮ ನೀರು ಕೊಡುವ ನೆಪದಲ್ಲಿ ಒಳಗೆ ಬಂದು ಕದ ಮುಂದೆ ಮಾಡಿದಳು. "ಯಪ್ಪಾ, ನೀ ಕನಕರಾಯ ಅಂತ ನನಗ ಗೊತ್ತದ. ಬಾಡಿಗಿ ಸೈತ ಸರಿಯಾಗಿ ಕೊಡಂಗಿಲ್ಲ. ಆದ್ರೂ ಮೌನದಾಗ ಬರದಿದ್ದು ಸುಳ್ಳಾಗಂಗಿಲ್ಲ ನೋಡು. ನನ್ನ ಮಗಳಿಗೆ ಮಾನ್ವಿ ಅಕ್ಕಿ ಗಿರಣಿಯವರ ಸಂಬಂಧ ಕೂಡ್ತದೇನು?" ಎಂದು ಪಿಸುಗುಟ್ಟಿದಳು. ಕನಕರಾಯ ಹಲ್ಲು ಕಡಿದು, "ಕೂಡ್ತದ," ಎಂದು ಬರೆದುಕೊಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಹೋದಳು.

ಕತ್ತಲಾಗುವ ಮುಂಚೆ ಕಿಟಕಿಗೆ ಗಂಡಹೆಂಡಿರು ಬಂದು ನಿಂತರು. ಕನಕರಾಯ ಕಂಬಳಿಯ ಸಂದಿಯಿಂದ ನೋಡಿದ. ಮಹಾಂತಯ್ಯ ಸರ್!

"ನೀ ಹೇಳಿದಿ ಅಂತ ಬಂದೀನಿ ಅಷ್ಟ. ನನಗ ಇದರಾಗೆಲ್ಲ ನಂಬಿಕಿ ಇಲ್ಲ," ಎನ್ನುತ್ತಿದ್ದರು ಸರ್. ಹೆಂಡತಿ ಕೇಳಲಿಲ್ಲ, ಕಿಟಕಿಯ ಸರಳು ಹಿಡಿದು ಕಣ್ಣಲ್ಲಿ ನೀರು ತಂದುಕೊಂಡಳು. "ಅಜ್ಜಾರ, ಲಗ್ನ ಆಗಿ ಭಾಳ ವರ್ಷ ಆದುವು. ಎಲ್ಲಾ ಗುಡಿ ಸುತ್ತಿದ್ವಿ, ಎಲ್ಲಾ ಡಾಕ್ಟರ್ ಆದ್ರು. ನಮಗ ಒಂದು ಮಗ ಅನ್ನೋದು ಅದನೋ ಇಲ್ಲೋ?"

ಕನಕರಾಯ, ಈಕೆಗಾದರೂ ಸುಳ್ಳು ಬರೆಯಬಾರದು ಎಂದುಕೊಂಡ. ಆದರೆ ಹಾಲ್ ಟಿಕೆಟ್ ನೆನಪಾಯಿತು, ಅದರ ಹಿಂದೆಯೇ ಕುರಿಹಿಂಡು ನೆನಪಾಯಿತು. ಸರ್ ಅವನ ಅಕ್ಷರ ಗುರುತಿಸುವ ಭಯವೂ ಇರಲಿಲ್ಲ. ಮೂರು ವರ್ಷದಲ್ಲಿ ಅವನು ಅವರಿಗೆ ಒಂದಕ್ಷರವನ್ನೂ ಬರೆದು ತೋರಿಸಿರಲಿಲ್ಲ. ಪೆನ್ನು ಎತ್ತಿ ಬರೆದ: "ಹೊಟ್ಟೆಯಲ್ಲಿ ಹುಟ್ಟಿದವರಷ್ಟೇ ಮಕ್ಕಳೇ? ನೀನು ಪಾಠ ಹೇಳುವ ಕಡೆ, ಕೊನೆಯ ಬೆಂಚಿನಲ್ಲಿ ನಿನ್ನ ಮಗ ಕುಳಿತಿದ್ದಾನೆ. ನಿನ್ನೆ ಅವನ ಮೇಲೆ ಸಿಟ್ಟಾದೆ. ಅವನನ್ನು ಸ್ವಂತ ಮಗನಂತೆ ನೋಡಿಕೋ."

ಸರ್ ಹಾಳೆಯನ್ನು ಎರಡು ಸಲ ಓದಿದರು. "ನಾ ಪಾಠ ಹೇಳಾಂವ ಅಂತ ಇವ್ರಿಗೆ ಹೆಂಗ ಗೊತ್ತು? ಕೊನಿ ಬೆಂಚು... ಅಯ್ಯೋ, ಕನಕರಾಯ!"

"ಯಾರ್ರಿ ಅಂವ?" ಎಂದಳು ಹೆಂಡತಿ.

"ಒಬ್ಬ ಹುಡುಗ. ಭಾಳ ತುಂಟ..." ನಂಬಿಕೆ ಇಲ್ಲದ ಮನುಷ್ಯ ಗಲ್ಲಿಯ ಧೂಳಿನಲ್ಲಿ ಉದ್ದಕ್ಕೆ ಅಡ್ಡಬಿದ್ದ.

ಅವರು ಹೋದ ಮೇಲೆ ಶರಣಮ್ಮ, ಮೌನ ಮುಗಿಯಿತು, ಇನ್ನು ದರ್ಶನವಿಲ್ಲ ಎಂದು ಸಾರಿ ಮಂದಿಯನ್ನು ಕಳಿಸಿದಳು. ಕನಕರಾಯ ಗೈಡು ಮೂಲೆಗೆಸೆದು, ಕೊಬ್ಬರಿ ತಿಂದು, ಕಾಲು ಚಾಚಿ ಮಲಗಿದ. ಅಂಥ ನಿದ್ದೆ ಅವನಿಗೆ ಹುಟ್ಟಿದಾಗಿನಿಂದ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ಕೈ ಬೀಸಿಕೊಂಡು ಸ್ಟಾಫ್ ರೂಮಿಗೆ ಹೋದ. ಸರ್ ಎದ್ದು ಬಂದು ತಾವೇ ಕುರ್ಚಿ ಎಳೆದು ಕೂರಿಸಿದರು, ಚಹಾ ತರಿಸಿದರು.

"ಬರದೀಯೇನಪಾ?"

"ಇಲ್ರಿ ಸರ್," ಎಂದ ಕನಕರಾಯ, ಧೈರ್ಯವಾಗಿ.

"ಗೊತ್ತಿತ್ತು. ನೋಡು, ನನಗೂ ಈ ಪ್ರಬಂಧದ ಗದ್ಲ ಸಾಕಾಗಿತ್ತು. ಬರದ್ರ ಬರೀಲಿ, ಬಿಟ್ರ ಬಿಡ್ಲಿ ಅಂತ ನಿನ್ನೆ ಮಧ್ಯಾಹ್ನನ ಎಲ್ಲಾರ ಹಾಲ್ ಟಿಕೆಟಿಗೂ ಸಹಿ ಹಾಕಿದ್ದೆ. ನಿಂದಕ್ಕೂ ಹಾಕಿದ್ದೆ."

ಕನಕರಾಯ ಹಲ್ಲು ಬಿಟ್ಟ. "ಕೊಡ್ರಿ ಸರ್ ಹಂಗಾದ್ರ."

"ಸಂಜಿ ಮನಿಗೆ ಬಂದು ಹರದು ಹಾಕಿದೆ."

"ಆಂ?"

"ಮಂದಿ ಮಕ್ಕಳು ಹೆಂಗರ ಹಾಳಾಗಿ ಹೋಗ್ಲಿ ಅಂತ ಸಹಿ ಹಾಕಬೋದಪಾ. ಸ್ವಂತ ಮಗ ಒಂದಕ್ಷರ ಓದದ, ಬರೀದ ಪರೀಕ್ಷಾಕ್ಕ ಕುಂತ್ರ ಅಪ್ಪ ಆದಾಂವ ಸುಮ್ಮನ ಇರ್ತಾನೇನು? ಈ ವರ್ಷ ಬ್ಯಾಡ. ಒಂದು ವರ್ಷ ನಾನ ಕುಂದ್ರಿಸಿ ಓದಸ್ತೀನಿ. ಮುಂಜಾನೆ ನಾಲ್ಕಕ್ಕ ಏಳಬೇಕು, ಸಿನಿಮಾ ಬಂದ್."

ಕನಕರಾಯ ಕುರ್ಚಿಯಿಂದ ಜಾರಿ ಅವರ ಕಾಲು ಹಿಡಿದ. "ಸರ್, ನಮ್ಮಪ್ಪ ಸುಮ್ಮನ ಬಿಡಂಗಿಲ್ರಿ. ನಾ ಕುರಿ ಕಾಯಾಕ ಹೋಗ್ತೀನ್ರಿ ಸರ್! ಇವತ್ತ ಹೋಗ್ತೀನ್ರಿ!"

"ನಿಮ್ಮಪ್ಪಗ ನಾ ಬುದ್ಧಿ ಹೇಳ್ತೀನಿ," ಎನ್ನುತ್ತ ಸರ್ ಅವನನ್ನು ಎತ್ತಿ ಎದೆಗವಚಿಕೊಂಡರು. "ಕಾಲೇಜ್ ರಿಜಿಸ್ಟರ್‌ನಾಗ ನಿನ್ನ ಅಡ್ರೆಸ್ ನೋಡಿದೆ. ಅಜ್ಜಾರು ಕುಂತಿದ್ದ ಮನಿಯಾಗ ನೀನೂ ಬಾಡಿಗಿ ಇದ್ದೀಯಂತ! ಎಂಥಾ ಲೀಲಾ ನೋಡು! ನನ್ನ ಹೆಂಡ್ತಿ, ಅಂದ್ರ ಇನ್ನ ನಿಮ್ಮವ್ವ, ಮುಂಜಾನೆನ ಶರಣಮ್ಮನ ಮನಿಗೆ ಹೋಗ್ಯಾಳ, ನಿನ್ನ ಖೋಲಿ ಖಾಲಿ ಮಾಡ್ಸಿ ಸಾಮಾನು ನಮ್ಮ ಮನಿಗೆ ತರಾಕ."