ಮೂಗಿನ ಪೈಪು, ಬೇಯಿಸಿದ ಆಲೂಗಡ್ಡೆ

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಬೇಯಿಸಿದ ಆಲೂಗಡ್ಡೆ.

ಮೇದೋಜೀರಕ ಗ್ರಂಥಿ ಊದಿಕೊಂಡು ಆಸ್ಪತ್ರೆ ಸೇರಿದ್ದ ನಲ್ಲಿ ರಿಪೇರಿಯವನು ಒಂಬತ್ತು ದಿನಗಳಿಂದ ಏನನ್ನೂ ಅಗಿದಿರಲಿಲ್ಲ. ಮಂಚದ ಪಕ್ಕ ತೂಗುಹಾಕಿದ ಗಂಜಿಯ ಚೀಲದಿಂದ, ಮೂಗಿನ ಮೂಲಕ ಕರುಳಿಗೆ ಇಳಿಬಿಟ್ಟ ಸಣ್ಣ ಪೈಪಿನಲ್ಲೇ ಅವನ ಊಟ. ಕರುಳನ್ನು ಖಾಲಿ ಬಿಟ್ಟರೆ ಅದು ಸೊರಗಿ ಸೋಂಕಿಗೆ ದಾರಿ ಮಾಡಿಕೊಡುತ್ತದಂತೆ. ಇವತ್ತು ಬೆಳಿಗ್ಗೆ ಡಾಕ್ಟರಮ್ಮ, "ಸಂಜೆ ನೋಡ್ತೀನಿ. ಹೊಟ್ಟೆ ಒಪ್ಪಿದ್ರೆ ಪೈಪ್ ತೆಗೆದು ಒಂದು ಆಲೂಗಡ್ಡೆ ಕೊಡೋಣ" ಎಂದು ಹೋಗಿಬಿಟ್ಟರು.

"ಹೊಟ್ಟೆ ಒಪ್ಪೋದು ಅಂದ್ರೇನು?" ನಲ್ಲಿಯವನು ಕೇಳಿದ.

ಕಾಲು ಮುರಿದುಕೊಂಡು ಪಕ್ಕದ ಮಂಚದಲ್ಲಿದ್ದ ದರ್ಜಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. "ಚೀಲ ಖಾಲಿ ಆಗ್ಬೇಕು ಅಂತ ಕಣಯ್ಯ. ನಿಂದು ನೋಡು, ನಾಳೆವರೆಗೂ ತೊಟ್ಟಿಕ್ತಾನೇ ಇರುತ್ತೆ."

ನಲ್ಲಿಯವನು ಹಲ್ಲು ಕಚ್ಚಿದ. ಇಪ್ಪತ್ತು ವರ್ಷ ಊರಿನ ನೀರನ್ನೆಲ್ಲ ಕುಣಿಸಿದವನಿಗೆ ಒಂದು ಚೀಲ ಜಗ್ಗುವುದಿಲ್ಲವೇ? "ಪ್ರೆಷರ್ ಸಾಲ್ದು. ಟ್ಯಾಂಕ್ ಮೇಲಕ್ಕೋಗ್ಬೇಕು" ಎಂದವನೇ ಹನಿ ಹೆಚ್ಚು ಕಮ್ಮಿ ಮಾಡುವ ಪೈಪಿನ ಪುಟ್ಟ ಚಕ್ರವನ್ನು ಪೂರ್ತಿ ತಿರುಗಿಸಿಬಿಟ್ಟ.

ಹೆಂಡತಿಯ ಜೊತೆ ಅವನನ್ನು ನೋಡಿಕೊಳ್ಳಲು ಬಂದಿದ್ದ ಅತ್ತೆ ಸ್ಟೂಲು ಹತ್ತಿ ಚೀಲವನ್ನು ಎತ್ತಿ ಹಿಡಿದರು. "ಇಳೀತಿದ್ಯಾ ಅಳಿಯಂದ್ರೇ?"

"ಇಳೀತಿದೆ ಅತ್ತೆ, ಕೈ ಬಿಡ್ಬೇಡಿ!"

"ರೀ, ಹೊಟ್ಟೆ ನೋಯ್ತಿದ್ಯಾ?" ಹೆಂಡತಿಯ ಮುಖ ಸಣ್ಣಗಾಯಿತು.

"ನೋವೂ ಇಲ್ಲ, ಮಣ್ಣೂ ಇಲ್ಲ. ನೀನು ನರ್ಸ್ ಬರ್ತಾರಾ ನೋಡು!"

ಹೊಟ್ಟೆ ಗಾಳಿ ತುಂಬಿದ ಲಾರಿ ಟ್ಯೂಬಿನಂತೆ ಬಿಗಿಯಿತು. ಒಳಗೆ ಯಾರೋ ಮೇಜು ಕುರ್ಚಿ ಎಳೆದಾಡಿದಂತೆ ಸದ್ದು. ಐದು ಸಲ ಶೌಚಾಲಯಕ್ಕೆ ಓಡಿದ. ಐದು ಸಲವೂ ಹಿಂದೆ ಚೀಲ ಎತ್ತಿ ಹಿಡಿದ ಅತ್ತೆ, ನಡೆದಾಡುವ ದೀಪದ ಕಂಬದಂತೆ. ಬೆವರು ಕಿತ್ತುಕೊಂಡರೂ ಚಕ್ರ ಮುಟ್ಟಲಿಲ್ಲ ಪುಣ್ಯಾತ್ಮ. "ಇನ್ನು ನಾಲ್ಕು ಬೆರಳು" ಎಂದು ದರ್ಜಿ ಮಲಗಿದಲ್ಲಿಂದಲೇ ಅಳತೆ ಹೇಳುತ್ತಿದ್ದ. ಮೂರು ಗಂಟೆಗೆ ಚೀಲ ಚಪ್ಪಟೆಯಾಯಿತು.

ಸಂಜೆ ಡಾಕ್ಟರಮ್ಮ ಬಂದರು. ಹಿಂದೆ ನರ್ಸ್ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಹಬೆಯಾಡುವ ಆಲೂಗಡ್ಡೆ. ಡಾಕ್ಟರಮ್ಮ ಖಾಲಿ ಚೀಲದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಒಂದೇ ಪ್ರಶ್ನೆ. ಹಸಿವಾಗ್ತಿದ್ಯಾ?"

ಹೌದು ಎನ್ನಲು ಬಾಯಿ ತೆರೆದ. ಬಂದದ್ದು ಮಾತಲ್ಲ, ಇಡೀ ವಾರ್ಡೇ ತಿರುಗಿ ನೋಡುವಂಥ ತೇಗು. ಆಲೂಗಡ್ಡೆಯ ವಾಸನೆಗೇ ಹೊಟ್ಟೆ ತೊಳಸಿ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ.

"ಹಸಿವಾದ್ರೇನೇ ಹೊಟ್ಟೆ ಒಪ್ತು ಅಂತ ಅರ್ಥ" ಡಾಕ್ಟರಮ್ಮ ಅವನ ಹೊಟ್ಟೆ ತಟ್ಟಿ ನಿಟ್ಟುಸಿರಿಟ್ಟರು. "ಪೈಪ್ ಇನ್ನೂ ನಾಲ್ಕು ದಿನ ಇರ್ಲಿ."

"ನಂಗೆ ಹಸಿವಾಗ್ತಿದೆ ಡಾಕ್ಟ್ರೇ!" ದರ್ಜಿಯ ಕೈ ಆಗಲೇ ತಟ್ಟೆಯ ಮೇಲಿತ್ತು.

ದರ್ಜಿ ಕಣ್ಣು ಮುಚ್ಚಿ, ನಿಧಾನವಾಗಿ, ಕೊನೆಯ ತುಣುಕಿನವರೆಗೂ ಅಗಿದ. ಆಮೇಲೆ ಮೂಗಿನ ಪೈಪಿನವನ ಕಡೆ ತಿರುಗಿ ಹೇಳಿದ:

"ಉಪ್ಪು ಸ್ವಲ್ಪ ಕಮ್ಮಿ ಕಣಯ್ಯ. ನಿಂಗೇನೂ ನಷ್ಟ ಇಲ್ಲ ಬಿಡು."