ಸರ್ವರ್ ಪಕ್ಕದ ಚಂದ್ರಿಕೆ

ತಪ್ಪು ಕಂಪ್ಯೂಟರಿನದಲ್ಲ, ನಮ್ಮ ಆಡಳಿತ ಮಂಡಳಿಯದು. ಚಿಂತಾಮಣಿಯಲ್ಲಿರುವ ನಮ್ಮ ರೇಷ್ಮೆ ವ್ಯಾಪಾರ ಸಂಸ್ಥೆಯ ಮುದಿ ಸರ್ವರು ಫೋನ್ ಲೈನಿನ ಮೂಲಕ ಏಕಕಾಲಕ್ಕೆ ಇಬ್ಬರನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಮೂರನೆಯವರು ಫೋನು ತಿರುಗಿಸುತ್ತ ಬೆರಳು ಸವೆಸಬೇಕು. ಟೆಲಿಫೋನು ಕೆಟ್ಟಿರುವುದೇ ಹೆಚ್ಚಾದ ಶಿಡ್ಲಘಟ್ಟ ಶಾಖೆಯ ಗುಮಾಸ್ತೆ ನಸೀಮಾ ಸದಾ ಆ ಮೂರನೆಯವರು. ಶಾಖೆಗಳಿಂದ ದಿನದ ರೇಷ್ಮೆಗೂಡಿನ ಲೆಕ್ಕ ಸಮಯಕ್ಕೆ ಬರದಿದ್ದಾಗ, ಲೈನನ್ನು ಹಿಡಿದಿಟ್ಟುಕೊಳ್ಳುವವರು ಅವರೇ ಎಂದು ಮ್ಯಾನೇಜರು ತೀರ್ಮಾನಿಸಿದರು; ತಿಂಗಳ ಕೊನೆಗೆ ಕೆಲಸದಿಂದ ತೆಗೆಯುವುದಾಗಿ ಮಂಡಳಿ ನೋಟೀಸು ಕಳಿಸಿತು.

"ನಾನು ಒಳಗೇ ಹೋಗಿಲ್ಲ ಕಣಪ್ಪ, ಹೊರಗೆ ಹಾಕ್ತೀವಿ ಅಂತಾರಲ್ಲ" ಎಂದು ನಸೀಮಾ ಫೋನಿನಲ್ಲಿ ನಕ್ಕರು. ನಗು ಪೂರ್ತಿಯಾಗಲಿಲ್ಲ.

ಬಂದುಹೋಗುವವರ ಹೆಸರು ಸರ್ವರಿನ ಪರದೆಯ ಮೇಲೆ ಮೂಡಿ ಮಾಯವಾಗುತ್ತಿತ್ತೇ ಹೊರತು ಎಲ್ಲಿಯೂ ದಾಖಲಾಗುತ್ತಿರಲಿಲ್ಲ, ಡಿಸ್ಕಿನಲ್ಲಿ ಜಾಗವಿರಲಿಲ್ಲ. ವಿಶ್ವವಿದ್ಯಾಲಯದಿಂದ ಬಿಸಿಬಿಸಿಯಾಗಿ ಹೊರಬಿದ್ದು ಸರ್ವರಿನ ಉಸ್ತುವಾರಿಗೆ ಸೇರಿದ್ದ ನಾನು ಹೊಸ ಡಿಸ್ಕು ಬೇಕೆಂದು ಉದ್ದನೆಯ ಮನವಿ ಬರೆದೆ. ಹಣವಿಲ್ಲವೆಂದರು. ಅದೇ ವಾರ ಮ್ಯಾನೇಜರ ಕೋಣೆಯ ಕಿಟಕಿಗಳಿಗೆ ಹೊಸ ಪರದೆ ಬಂತು.

ಕೊನೆಗೆ, ಹುಳುಗಳು ಗೂಡು ಕಟ್ಟಲೆಂದು ಬಿದಿರುಪಟ್ಟಿಯನ್ನು ಸುತ್ತುಸುತ್ತಾಗಿ ಕೂರಿಸಿದ ಹಳೆಯ ಚಂದ್ರಿಕೆಯೊಂದನ್ನು ಗೋದಾಮಿನಿಂದ ಹೊತ್ತುತಂದು ಸರ್ವರಿನ ಪಕ್ಕ ನಿಲ್ಲಿಸಿದೆ. ಒಬ್ಬೊಬ್ಬರಿಗೆ ಒಂದೊಂದು ಸುತ್ತು. ಒಳಬಂದರೆ ಅವರ ಸುತ್ತಿಗೊಂದು ರೇಷ್ಮೆಗೂಡು, ಹೊರಹೋದರೆ ಗೂಡು ಬುಟ್ಟಿಗೆ. ನಾನು ಕಲಿತ ಗಣಕ ವಿಜ್ಞಾನದ ಪರಮಾವಧಿ ಇಷ್ಟೇ. ಆದರೂ ಚಿಕ್ಕಬಳ್ಳಾಪುರದ, ಗೌರಿಬಿದನೂರಿನ ಗೂಡುಗಳು ಶಿಸ್ತಾಗಿ ಬಂದುಹೋದವು. ನಸೀಮಾ ಅವರ ಸುತ್ತು ಖಾಲಿ. ಒಂದು ಗೂಡು ಮಾತ್ರ ಹಗಲಿರುಳು ಕದಲಲಿಲ್ಲ. ಒಂದು ಬೆಳಿಗ್ಗೆ ಅದನ್ನು ತೂತುಮಾಡಿಕೊಂಡು ಚಿಟ್ಟೆಯೇ ಹೊರಬಂದು ರೆಕ್ಕೆ ಬಡಿಯಿತು. ಅದು ಮ್ಯಾನೇಜರ ಸುತ್ತು.

ಚಂದ್ರಿಕೆಯನ್ನು ಚಿಟ್ಟೆಸಮೇತ ಅವರ ಮುಂದಿಟ್ಟೆ. ಅವರಿಗೆ ಕಿಂಚಿತ್ತೂ ಮುಜುಗರವಾಗಲಿಲ್ಲ.

"ಬಸ್ಸಲ್ಲಿ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯಲ್ವೇನಪ್ಪ? ಇದೂ ಹಂಗೇ. ಬಿಟ್ರೆ ಮತ್ತೆ ಸಿಗ್ತದಾ?"

ಸೀಟಿಗೆ ಟವಲು ಹಾಕಿ ಮನೆಗೆ ಹೋಗಿ ಮಲಗುವ ಪ್ರಯಾಣಿಕರನ್ನು ನಾನು ಕಂಡದ್ದು ಅದೇ ಮೊದಲು. ಅಂತೂ ಅಂದು ಲೈನು ಬಿಟ್ಟರು. ನೋಟೀಸು ಮಾತ್ರ ಮಂಡಳಿಯದು, ತಮ್ಮ ಕೈಯಲ್ಲಿಲ್ಲ ಎಂದರು.

ಆದುದರಿಂದ ಮಾನ್ಯ ಮಂಡಳಿಯವರಲ್ಲಿ ವಿನಂತಿ: ನಸೀಮಾ ಅವರು ಈಗಷ್ಟೇ ಒಳಗೆ ಬಂದಿದ್ದಾರೆ, ಹೊರಗೆ ಹಾಕಬೇಡಿ. ನೋಟೀಸನ್ನು ಹಿಂಪಡೆದು, ಡಿಸ್ಕನ್ನು ಮಂಜೂರು ಮಾಡಿ, ತಿಂಗಳು ಮುಗಿಯುವುದರೊಳಗೆ ಲಿಖಿತ ಉತ್ತರ ದಯಪಾಲಿಸಬೇಕು. ಈ ಮನವಿಯ ಹೆಸರಿನಲ್ಲೂ ಚಂದ್ರಿಕೆಯಲ್ಲೊಂದು ಗೂಡು ಇಟ್ಟಿದ್ದೇನೆ. ನಿಮ್ಮ ವೇಗವನ್ನು ಬಲ್ಲವನಾದ್ದರಿಂದ, ಬುಟ್ಟಿಯಲ್ಲಿ ಹುಡುಕಿ ಹುಡುಕಿ ತೀರಾ ಹೊಸದನ್ನೇ ಆರಿಸಿದ್ದೇನೆ.